14 ಜನ, ಐವರಿಗೆ ಈಜು ಬಾರದು: ಉಡುಪಿ ಕಡೆ ಕಯಾಕಿಂಗ್‌ಗೆ ಎಲ್ಲಿ ಹೋಗುವುದು, ಏನು ಕೇಳುವುದು?

ಬೋಳಾರದವಳು ಕೇಳಿದ್ದು:

ನಮಸ್ಕಾರ ಎಲ್ಲರಿಗೂ. ಮನೆ ಮಂಗಳೂರಿನ ಬೋಳಾರದಲ್ಲಿ, ಕೆಲಸ ಬ್ಯಾಂಕಿನಲ್ಲಿ. ನಮ್ಮ ಬ್ರಾಂಚಿನವರು, ಮನೆಯವರು ಸೇರಿ 14 ಜನ ಒಂದು ಭಾನುವಾರ ಕಯಾಕಿಂಗ್‌ಗೆ ಹೋಗುವ ಅಂತ ಮಾತಾಗಿದೆ. ಮಾತು ಎತ್ತಿದವಳು ನಾನೇ. ಹಾಗಾಗಿ ಜಾಗ ಹುಡುಕುವ ಕೆಲಸವೂ ನನ್ನ ತಲೆಗೇ ಬಿತ್ತು.

ಈ 14 ಜನರಲ್ಲಿ ಐವರಿಗೆ ಈಜು ಬರುವುದಿಲ್ಲ. ಅದರಲ್ಲಿ ನಾನೂ ಒಬ್ಬಳು. ನೇತ್ರಾವತಿಯ ಬದಿಯಲ್ಲೇ ಬೆಳೆದವಳಿಗೆ ಈಜು ಬಾರದಾ ಅಂತ ನಗುವವರು ನಗಲಿ. ಶಿವಮೊಗ್ಗದಿಂದ ಚಿಕ್ಕಮ್ಮ ಬರುತ್ತಾರೆ. 58 ವರ್ಷ, ಮೊಣಕಾಲು ಸ್ವಲ್ಪ ಹಿಡಿಯುತ್ತದೆ, ಆದರೆ ಎಲ್ಲರಿಗಿಂತ ಜಾಸ್ತಿ ಉತ್ಸಾಹ ಅವರಿಗೇ. ಹತ್ತು ವರ್ಷದ ಒಬ್ಬ ಹುಡುಗನೂ ಇದ್ದಾನೆ.

ನನಗೆ ಹೆದರಿಕೆ ಯಾಕೆ ಅಂದರೆ, ಹೋದ ಡಿಸೆಂಬರಿನಲ್ಲಿ ನಾವು ನಾಲ್ವರು ಒಂದು ಕಡೆ ಹೋಗಿದ್ದೆವು. ಹೆಸರು ಬೇಡ, ಸುಮ್ನೆ ಜಗಳ. ಸಂಜೆ 4 ಗಂಟೆಗೆ ನೀರಿಗೆ ಇಳಿಸಿದರು. ಹೋಗುವಾಗ ಹುಟ್ಟು ಹಾಕುವುದೇ ಬೇಡ, ದೋಣಿ ತನ್ನಷ್ಟಕ್ಕೆ ಜಾರಿಕೊಂಡು ಹೋಗುತ್ತಿತ್ತು. ಎಂಥ ಸುಖ ಅಂತ ಹಾಡು ಬೇರೆ ಹೇಳಿದ್ದೇವೆ. ತಿರುಗಿದ ಮೇಲೆ ಗೊತ್ತಾಯಿತು. ಎಷ್ಟು ಹುಟ್ಟು ಹಾಕಿದರೂ ದಡದ ಅದೇ ತೆಂಗಿನಮರ ಪಕ್ಕದಲ್ಲೇ ನಿಂತಿತ್ತು. ಗೈಡ್ ಹುಡುಗ ಒಬ್ಬನೇ. ಅವನು ಮುಂದಿನ ಇಬ್ಬರನ್ನು ಕರೆದುಕೊಂಡು ಹೋಗಿಬಿಟ್ಟ. ನನ್ನ ಲೈಫ್ ಜಾಕೆಟಿನ ಒಂದು ಬಕಲ್ ಮುರಿದಿತ್ತು, ಅದನ್ನು ಪ್ಲಾಸ್ಟಿಕ್ ಹಗ್ಗದಲ್ಲಿ ಬಿಗಿದಿದ್ದರು. ದಡ ಮುಟ್ಟುವಾಗ ಏಳು ಗಂಟೆ, ಪೂರ್ತಿ ಕತ್ತಲು. ಮರುದಿನ ಕೌಂಟರಿನಲ್ಲಿ ಸೀಲ್ ಹೊಡೆಯಲಿಕ್ಕೆ ಕೈ ಏಳಲಿಲ್ಲ.

ಆದರೂ ಮತ್ತೆ ಹೋಗಬೇಕು ಅನಿಸುತ್ತಿದೆ. ಕಾಂಡ್ಲಾ (ಮ್ಯಾಂಗ್ರೋವ್) ಕಾಡಿನ ಒಳಗೆ ಹತ್ತು ನಿಮಿಷ ಇದ್ದೆವಲ್ಲ, ಅದು ತಲೆಯಿಂದ ಹೋಗುತ್ತಿಲ್ಲ.

ನನ್ನ ಪ್ರಶ್ನೆ: ಈಜು ಬಾರದವರನ್ನು ಕರೆದುಕೊಂಡು ಎಲ್ಲಿಗೆ ಹೋದರೆ ಒಳ್ಳೆಯದು? ಬುಕ್ ಮಾಡುವ ಮೊದಲು ಏನು ಕೇಳಬೇಕು? ರೇಟು, ರೇಟಿಂಗ್ ಎಲ್ಲ ನೋಡಿದ್ದೇನೆ. ಎಲ್ಲರಿಗೂ ನಾಲ್ಕೂವರೆ ಸ್ಟಾರ್ ಉಂಟು. ನಾನು ಡಿಸೆಂಬರಿನಲ್ಲಿ ಹೋದವರಿಗೂ.

ಮಲ್ಪೆ ಮಾಣಿ:

ನದಿಯಲ್ಲಿ ಎಂತ ಉಂಟು ಮಾರಾಯ್ರೇ. ಮಲ್ಪೆಯಿಂದ ಸೈಂಟ್ ಮೇರೀಸ್ ದ್ವೀಪಕ್ಕೆ ಕಯಾಕಿನಲ್ಲೇ ಹೋಗಿ. ಆರು ಕಿಲೋಮೀಟರ್ ಅಷ್ಟೇ. ಫೋಟೋ ಹಾಕಿದರೆ ಲೈಕ್ ಸಾವಿರ ಗ್ಯಾರಂಟಿ.

ಹಳೇ ಹುಟ್ಟು:

ಮಾಣಿ, ಮೊದಲು ನಿನಗೆ. ಈಜು ಬಾರದ ಐವರು, ಒಂದು ಮಗು, ಮೊಣಕಾಲು ನೋವಿನ ಒಬ್ಬರು ಅಂತ ಓದಿದೆಯಲ್ಲ? ಅವರನ್ನು ತೆರೆದ ಕಡಲಿಗೆ ಕಳುಹಿಸುತ್ತೀಯಾ? ಹೋಗುವಾಗ ಆರು ಅಂದರೆ ಬರುವಾಗ ಇನ್ನೊಂದು ಆರು. ಹೊಸಬರು ಗಂಟೆಗೆ ಮೂರು, ಹೆಚ್ಚೆಂದರೆ ನಾಲ್ಕು ಕಿಲೋಮೀಟರ್ ಹೋಗುತ್ತಾರೆ. ಮಧ್ಯಾಹ್ನ ಪಡುವಣ ಗಾಳಿ ಎದ್ದರೆ ಅದೂ ಇಲ್ಲ. ದ್ವೀಪದ ಸುತ್ತ ಚೂಪು ಕಲ್ಲು, ಅಲೆ ಸೀದಾ ಅದರ ಮೇಲೆ ಎತ್ತಿ ಹಾಕುತ್ತದೆ. ಅಲ್ಲಿಗೆ ದೊಡ್ಡ ಬೋಟಿನಲ್ಲಿ ಹೋಗಿ ಕಲ್ಲಿನ ಕಂಬ ನೋಡಿ ಬಂದರೆ ಸಾಕು.

ಈಗ ಬೋಳಾರದವರಿಗೆ. ನಾನು ಕೆಮ್ಮಣ್ಣಿನ ಹತ್ತಿರದವ. ಆರು ಸೀಸನ್ ಗೈಡ್ ಆಗಿದ್ದೆ. ಈಗ ಮಣಿಪಾಲದಲ್ಲಿ ಕುರ್ಚಿಯ ಮೇಲೆ ಕೂತು ಕೆಲಸ, ಬೆನ್ನು ನೋವು ಬಂದದ್ದು ಕುರ್ಚಿಯಿಂದ, ಹುಟ್ಟಿನಿಂದ ಅಲ್ಲ. ಯಾರದ್ದೂ ಏಜೆಂಟ್ ಅಲ್ಲ ನಾನು, ಹಾಗಾಗಿ ಯಾರ ಹೆಸರನ್ನೂ ಹೇಳುವುದಿಲ್ಲ. ಆದರೆ ಒಂದು ಪ್ರಶ್ನೆ ಹೇಳಿಕೊಡುತ್ತೇನೆ. ಅದನ್ನು ಕೇಳಿದರೆ ಅರ್ಧ ಜನ ತಾನಾಗಿ ಜರಡಿಯಿಂದ ಕೆಳಗೆ ಬೀಳುತ್ತಾರೆ.

ಫೋನ್ ಮಾಡಿ. "ಈ ಭಾನುವಾರ ಎಷ್ಟು ಗಂಟೆಗೆ ಬರಬೇಕು?" ಅಂತ ಕೇಳಿ. ಉತ್ತರ ಬರೆದಿಟ್ಟುಕೊಳ್ಳಿ. ಆಮೇಲೆ, "ಅದರ ಮುಂದಿನ ಭಾನುವಾರ ಆದರೆ?" ಅಂತ ಕೇಳಿ. ಎರಡಕ್ಕೂ ಒಂದೇ ಹೊತ್ತು ಹೇಳಿದರೆ ಥ್ಯಾಂಕ್ಸ್ ಹೇಳಿ ಫೋನ್ ಇಡಿ.

ಯಾಕೆ ಅಂತ ಹೇಳುತ್ತೇನೆ. ನಮ್ಮ ಕರಾವಳಿಯಲ್ಲಿ ದಿನಕ್ಕೆ ಎರಡು ಸಲ ಭರತ, ಎರಡು ಸಲ ಇಳಿತ. ಒಂದರಿಂದ ಇನ್ನೊಂದಕ್ಕೆ ಸುಮಾರು ಆರು ಕಾಲು ಗಂಟೆ. ಪ್ರತಿ ದಿನ ಇದು ಸುಮಾರು 50 ನಿಮಿಷ ಮುಂದಕ್ಕೆ ಹೋಗುತ್ತದೆ. ಶನಿವಾರ ಬೆಳಿಗ್ಗೆ 9ಕ್ಕೆ ನೀರು ತುಂಬಿದ್ದರೆ ಭಾನುವಾರ 9.50ರ ಸುಮಾರಿಗೆ ತುಂಬುತ್ತದೆ. ಒಂದು ವಾರ ಬಿಟ್ಟು ಹೋದರೆ ಪೂರ್ತಿ ತಿರುಗುಮುರುಗು. ಹೋದ ಭಾನುವಾರ ತುಂಬಿ ನಿಂತ ಹೊತ್ತಿಗೆ ಈ ಭಾನುವಾರ ಕೆಸರು ಕಾಣುತ್ತದೆ. ಹಾಗಿರುವಾಗ ವರ್ಷವಿಡೀ "4 ಗಂಟೆ ಬ್ಯಾಚ್" ಹೇಗೆ ಸಾಧ್ಯ? ಅದು ಗಡಿಯಾರ ನೋಡುವವರ ಲೆಕ್ಕ, ನೀರು ನೋಡುವವರದ್ದಲ್ಲ.

ನಿಮಗೆ ಡಿಸೆಂಬರಿನಲ್ಲಿ ಆದದ್ದು ಇದೇ. ನೀರು ಇಳಿಯುವಾಗ ನಿಮ್ಮನ್ನು ಅಳಿವೆ ಕಡೆಗೆ ಬಿಟ್ಟಿದ್ದಾರೆ. ಹೋಗುವಾಗ ಹೊಳೆಯೇ ಎಳೆದುಕೊಂಡು ಹೋಯಿತು. ಬರುವಾಗ ನೀವು ಹೊಳೆಯನ್ನು ಎಳೆಯಬೇಕಾಯಿತು. ಆ ತೆಂಗಿನಮರದ ಕಥೆ ಓದಿ ನನಗೆ ನಗು ಬಂತು, ಆಮೇಲೆ ಸಿಟ್ಟು ಬಂತು. ಅಳಿವೆ ಅಂದರೆ ನದಿ ಕಡಲಿಗೆ ಬೀಳುವ ಬಾಗಿಲು. ಸುಸ್ತಾದ ಜನ ಅಲ್ಲಿ ಇಳಿತದ ಕೈಗೆ ಸಿಕ್ಕಿದರೆ ನೇರ ಹೊರಗೆ.

ಸರಿಯಾದ ಕ್ರಮ ಹೀಗೆ. ಕೆಮ್ಮಣ್ಣು, ತಿಮ್ಮಣ್ಣಕುದ್ರು ಕಡೆಯಿಂದ ಹೊರಡುವುದಾದರೆ ನೀರು ತುಂಬುವುದಕ್ಕೆ ಒಂದು, ಒಂದೂವರೆ ಗಂಟೆ ಮೊದಲು ಇಳಿಯಬೇಕು. ಏರುವ ನೀರಿನ ಬಾಲ ಹಿಡಿದುಕೊಂಡು ಸ್ವರ್ಣಾ ನದಿಯಲ್ಲಿ ಮೇಲಕ್ಕೆ, ಅಂದರೆ ಮೂಡು ದಿಕ್ಕಿಗೆ ಹೋಗಬೇಕು. ನೀರು ತುಂಬಿ ನಿಲ್ಲುವ ಹೊತ್ತಿಗೆ ಕಾಂಡ್ಲಾದ ಒಳಗೆ ಇರಬೇಕು. ಆಗ ಒಳಗಿನ ಸಣ್ಣ ಸಣ್ಣ ಓಣಿಗಳಲ್ಲೂ ದೋಣಿ ತೇಲುವಷ್ಟು ನೀರು ಇರುತ್ತದೆ. ಇಳಿತ ಶುರುವಾದಾಗ ಮನೆಗೆ ಹೊರಡಬೇಕು. ಶುರುವಿನ ಇಳಿತ ಮೆದು, ನಿಮ್ಮನ್ನು ಮೆಲ್ಲ ವಾಪಸ್ ತಂದು ಬಿಡುತ್ತದೆ. ಎಳೆತ ಜೋರಾಗುವುದು ಮೂರನೆಯ, ನಾಲ್ಕನೆಯ ಗಂಟೆಯಲ್ಲಿ. ಅಷ್ಟು ಹೊತ್ತಿಗೆ ನೀವು ಗೋಳಿಬಜೆ ತಿನ್ನುತ್ತಾ ಇರಬೇಕು.

ಭರತದ ಹೊತ್ತು ಯಾವ ಫೋನಿನಲ್ಲೂ ಸಿಗುತ್ತದೆ. ಹೈದರಾಬಾದಿನ ಇನ್‌ಕಾಯ್ಸ್ ಸಂಸ್ಥೆ ಅಲೆ, ಭರತ ಎರಡರ ಮುನ್ಸೂಚನೆಯನ್ನೂ ಕೊಡುತ್ತದೆ, ಮೀನುಗಾರರು ನೋಡುವುದೂ ಅದನ್ನೇ. ಒಂದು ವಿಷಯ ನೆನಪಿಡಿ. ಅಲ್ಲಿ ಮಲ್ಪೆಯದ್ದೋ ಮಂಗಳೂರಿನದ್ದೋ ಹೊತ್ತು ಇರುತ್ತದೆ, ಅದು ಕಡಲ ಬಾಯಿಯ ಹೊತ್ತು. ಹೊಳೆಯ ಒಳಗೆ ಮೇಲೆ ಹೋದ ಹಾಗೆ ನೀರು ತುಂಬುವುದು ತಡ. ಹುಣ್ಣಿಮೆ, ಅಮಾವಾಸ್ಯೆಯ ಆಚೀಚೆ ಏರಿಳಿತ ಜಾಸ್ತಿ, ಎಳೆತವೂ ಜಾಸ್ತಿ. ಹೊಸಬರಿದ್ದರೆ ನಾನು ಆ ಎರಡು ಮೂರು ದಿನ ಬಿಟ್ಟು ಬೇರೆ ದಿನ ಕೊಡುತ್ತಿದ್ದೆ.

ಗಾಳಿಯ ಲೆಕ್ಕ ಬೇರೆ. ಚಳಿಗಾಲದಲ್ಲಿ ಬೆಳಿಗ್ಗೆ ಮೂಡು ಗಾಳಿ, ಅದೂ ಸಣ್ಣದು. ಹನ್ನೊಂದು, ಹನ್ನೆರಡರ ಮೇಲೆ ಕಡಲಿನಿಂದ ಗಾಳಿ ಬರುತ್ತದೆ. ನೀರು ಕಡಲಿಗೆ ಇಳಿಯುವಾಗ ಗಾಳಿ ಕಡಲಿನಿಂದ ಹೊಡೆದರೆ ಹೊಳೆಯ ಮೈಮೇಲೆ ಗಿಡ್ಡ, ನೆಟ್ಟಗಿನ ಅಲೆ ಏಳುತ್ತದೆ. ನೋಡಲಿಕ್ಕೆ ಏನೂ ಅಲ್ಲ, ಕೂತವರ ಹೊಟ್ಟೆ ಕಲಕುತ್ತದೆ. ಹಾಗಾಗಿ ಬೆಳಿಗ್ಗೆ ಭರತ ಇರುವ ಭಾನುವಾರ ಹುಡುಕಿ. ದಿನ ಮೊದಲೇ ಫಿಕ್ಸ್ ಮಾಡಿಕೊಂಡು ಆಮೇಲೆ ನೀರನ್ನು ಒಗ್ಗಿಸಲಿಕ್ಕೆ ಹೋಗಬೇಡಿ, ಅದು ನಿಮ್ಮ ಬ್ರಾಂಚ್ ಮ್ಯಾನೇಜರ್ ಅಲ್ಲ.

ಜಾಗ: ಸಾಲಿಗ್ರಾಮದ ಪಾರಂಪಳ್ಳಿ ಕಡೆ ಸೀತಾನದಿಯ ಹಿನ್ನೀರು ಹೊಸಬರಿಗೆ ತುಂಬಾ ಒಳ್ಳೆಯದು. ಕಾಂಡ್ಲಾ ದಟ್ಟ ಇದೆ, ಕಡಲಿನ ಎಳೆತ ದೂರ. ಕೆಮ್ಮಣ್ಣು ಕುದ್ರುಗಳ (ಹೊಳೆ ನಡುವಿನ ನಡುಗಡ್ಡೆಗಳ) ಸುತ್ತ ಸ್ವರ್ಣೆಯೂ ಅಷ್ಟೇ ಚಂದ, ಆದರೆ ಕೋಡಿ ಬೆಂಗ್ರೆಯ ತುದಿಗೆ ಹೋಗಬಾರದು. ಅಲ್ಲಿ ಸೀತೆಯೂ ಸ್ವರ್ಣೆಯೂ ಸೇರಿ ಕಡಲಿಗೆ ಬೀಳುತ್ತವೆ, ಹಂಗಾರಕಟ್ಟೆ ದಕ್ಕೆಯ ಬೋಟುಗಳು ಓಡಾಡುತ್ತವೆ. ಆ ತುದಿಯನ್ನು ದಡದಿಂದ ನೋಡಿ. ಒಂದು ಬದಿ ಕಡಲು, ಒಂದು ಬದಿ ಹೊಳೆ, ನಡುವೆ ರಸ್ತೆ. ಮಂಗಳೂರಿಗೆ ಹತ್ತಿರ ಬೇಕಾದರೆ ಮೂಲ್ಕಿಯ ಶಾಂಭವಿ ಹೊಳೆ. ಅಲ್ಲೂ ನಂದಿನಿ ಬಂದು ಸೇರುವ ಸಸಿಹಿತ್ಲು ಅಳಿವೆ ಕಡೆ ಬೇಡ, ಒಳಗಡೆ ಮಾತ್ರ. ಸುಲ್ತಾನ್ ಬತ್ತೇರಿ, ತಣ್ಣೀರುಬಾವಿ ನಡುವೆ ಫಲ್ಗುಣಿಯಲ್ಲಿ ಬೋಟುಗಳ ಸಂತೆ, ಕಲಿಯುವ ಜಾಗ ಅದಲ್ಲ.

ಇನ್ನು ದಡದಲ್ಲಿ ನೋಡಬೇಕಾದದ್ದು. ಜಾಕೆಟ್ ಹಾಕಿ ಎಲ್ಲಾ ಬಕಲ್ ಬಿಗಿಸಿ, ಮತ್ತೊಬ್ಬರಿಗೆ ನಿಮ್ಮ ಹೆಗಲ ಪಟ್ಟಿ ಹಿಡಿದು ಮೇಲಕ್ಕೆ ಎಳೆಯಲಿಕ್ಕೆ ಹೇಳಿ. ಅದು ಕಿವಿಯವರೆಗೆ ಬಂದರೆ ನಿಮ್ಮ ಅಳತೆಯದ್ದಲ್ಲ. ನೀರಿಗೆ ಬಿದ್ದಾಗ ಜಾಕೆಟ್ ಮೇಲೆ ತೇಲುತ್ತದೆ, ನೀವು ಅದರೊಳಗೆ ಕೆಳಗೆ ಜಾರುತ್ತೀರಿ. ಮಗುವಿಗೆ ಮಗುವಿನ ಜಾಕೆಟ್ಟೇ ಬೇಕು, ದೊಡ್ಡದನ್ನು ಗಂಟು ಹಾಕಿ ಕೊಡುವುದಲ್ಲ. ಸೀಟಿ ಇದೆಯಾ ನೋಡಿ. ದೋಣಿ ಮೇಲೆ ಕೂರುವಂಥದ್ದು ಇರಲಿ, ಒಳಗೆ ಕಾಲು ತುರುಕುವಂಥದ್ದು ಹೊಸಬರಿಗೆ ಬೇಡ. ಮೇಲೆ ಕೂರುವುದರಲ್ಲಿ ಮಗುಚಿದರೆ ಸುಮ್ನೆ ಕೆಳಗೆ ಬೀಳುತ್ತೀರಿ ಅಷ್ಟೇ, ಸಿಕ್ಕಿಹಾಕಿಕೊಳ್ಳುವುದಿಲ್ಲ. ಅದರ ತಳದಲ್ಲಿ ತೂತುಗಳು ಇರುತ್ತವೆ. ಪ್ರತಿ ಬ್ಯಾಚಿನಲ್ಲಿ ಒಬ್ಬರಾದರೂ "ಅಯ್ಯೋ ತೂತು!" ಅಂತ ಕಿರುಚುತ್ತಿದ್ದರು. ನೀರು ಹೊರಗೆ ಹೋಗಲಿಕ್ಕೇ ಅದು.

14 ಜನಕ್ಕೆ ಕಡಿಮೆ ಅಂದರೂ ಮೂರು ಗೈಡ್. ಒಬ್ಬ ಎದುರು, ಒಬ್ಬ ನಡುವೆ, ಒಬ್ಬ ಎಲ್ಲರ ಹಿಂದೆ. ಹಿಂದಿನವನೇ ಮುಖ್ಯ. ಅವನನ್ನು ದಾಟಿ ಯಾರೂ ಹಿಂದೆ ಉಳಿಯಬಾರದು. ನಾವು ಯಾವಾಗಲೂ ತುಂಬಾ ಅನುಭವ ಇದ್ದವನನ್ನು ಹಿಂದೆ ಇಡುತ್ತಿದ್ದೆವು. ಎದುರು ಹೋಗಲಿಕ್ಕೆ ದಾರಿ ಗೊತ್ತಿದ್ದರೆ ಸಾಕು, ಹಿಂದೆ ಇರಲಿಕ್ಕೆ ತಾಳ್ಮೆ ಬೇಕು.

ಜೋಡಿ ಮಾಡುವಾಗ ಹಿಂದಿನ ಸೀಟಿನವರು ದೋಣಿ ತಿರುಗಿಸುವವರು. "ನನಗೆ ಎಲ್ಲಾ ಗೊತ್ತುಂಟು" ಅನ್ನುವವರು ಪ್ರತಿ ಗುಂಪಿನಲ್ಲೂ ಒಬ್ಬರು ಇರುತ್ತಾರೆ. ಅವರನ್ನು ಎದುರಿನ ಸೀಟಿನಲ್ಲಿ ಕೂರಿಸಿ.

ಒಳ್ಳೆಯ ತಂಡ ಹೊರಡುವ ಮೊದಲು ಸೊಂಟದ ನೀರಿನಲ್ಲಿ ಎಲ್ಲರನ್ನೂ ಒಂದು ಸಲ ಬೇಕಂತಲೇ ಬೀಳಿಸುತ್ತದೆ. ಬಿದ್ದಾಗ ದೋಣಿ ಬಿಡಬಾರದು, ಹುಟ್ಟು ಬಿಡಬಾರದು, ಅಂಗಾತ ತೇಲಬೇಕು. ಕಾಲು ಕೆಳಗೆ ಬಿಟ್ಟು ನಿಲ್ಲಲಿಕ್ಕೆ ಹೋಗಬಾರದು. ಕೆಳಗೆ ಕೆಸರು, ಇಲ್ಲವಾದರೆ ಕಲ್ವ (ಆಯ್ಸ್ಟರ್). ಕಲ್ವದ ಚಿಪ್ಪು ಬ್ಲೇಡಿನ ಹಾಗೆ ಕೊಯ್ಯುತ್ತದೆ, ಕಾಂಡ್ಲಾ ಬೇರಿಗೆಲ್ಲ ಅದೇ ಅಂಟಿಕೊಂಡಿರುತ್ತದೆ. ಈಜು ಬಾರದವರಿಗೆ ಈ ಬೀಳುವ ಪಾಠ ತುಂಬಾ ಮುಖ್ಯ. ಜಾಕೆಟ್ ತನ್ನನ್ನು ಎತ್ತಿ ಹಿಡಿಯುತ್ತದೆ ಅಂತ ಮೈಗೆ ಗೊತ್ತಾಗಬೇಕು, ಕಿವಿಗೆ ಹೇಳಿದರೆ ಆಗುವುದಿಲ್ಲ. "ಅದೆಲ್ಲ ಬೇಡ, ಟೈಮ್ ವೇಸ್ಟ್" ಅಂದರೆ ಅಲ್ಲಿಂದ ಎದ್ದು ಬನ್ನಿ, ಅಡ್ವಾನ್ಸ್ ಹೋದರೆ ಹೋಗಲಿ.

ಫೋನಿನಲ್ಲಿ 112 ಇದ್ದೇ ಇರುತ್ತದೆ. ಕಡಲ ಬದಿಗೆ ಹೋಗುವವರು 1554 ಕೂಡ ಹಾಕಿಕೊಳ್ಳಿ, ಕೋಸ್ಟ್ ಗಾರ್ಡಿನದ್ದು.

ಉದ್ದ ಆಯಿತು. ಕುರ್ಚಿಯಲ್ಲಿ ಕೂತವನಿಗೆ ಹೊಳೆ ನೆನಪಾದರೆ ಹೀಗೇ.

ಬೆಂಗ್ರೆ ಮನೆ:

ಹಳೇ ಹುಟ್ಟು ಹೇಳಿದ್ದು ಸರಿ. ಒಂದು ವಿಷಯ ಬಿಟ್ಟಿದ್ದಾರೆ, ಅದನ್ನು ಹೊಳೆ ಬದಿಯವಳಾಗಿ ನಾನು ಹೇಳುತ್ತೇನೆ.

ನೀವು ಕಯಾಕ್ ಬಿಡುವ ಹೊಳೆ ನಮಗೆ ಗದ್ದೆ ಇದ್ದ ಹಾಗೆ. ನೀರಿನ ಮೇಲೆ ಖಾಲಿ ಬಾಟ್ಲಿ ಸಾಲಾಗಿ ತೇಲುತ್ತಾ ಇದ್ದರೆ ಅದು ಕಸ ಅಲ್ಲ, ಕೆಳಗೆ ಬಲೆ ಉಂಟು. ಹೋದ ವರ್ಷ ಒಂದು ಗುಂಪು ಹೊಳೆ ಕ್ಲೀನ್ ಮಾಡುತ್ತೇವೆ ಅಂತ ನಮ್ಮ ಮಾವನ ಬಲೆಯ ಬಾಟ್ಲಿಗಳನ್ನು ಬಿಚ್ಚಿ ಚೀಲಕ್ಕೆ ತುಂಬಿಸಿಕೊಂಡು ಹೋಯಿತು. ದಡಕ್ಕೆ ಬಂದು ಫೋಟೋ ಬೇರೆ ತೆಗೆದರು. ಬಲೆ ಮುಳುಗಿ ಹುಡುಕಲಿಕ್ಕೆ ಎರಡು ದಿನ ಹೋಯಿತು. ಅವರ ಮನಸ್ಸು ಒಳ್ಳೆಯದೇ, ನಾನು ಇಲ್ಲ ಅನ್ನುವುದಿಲ್ಲ. ಜೊತೆಯಲ್ಲಿದ್ದ ಗೈಡಿಗಾದರೂ ಗೊತ್ತಿರಬೇಕಿತ್ತು ಅಲ್ವಾ?

ನೀರಲ್ಲಿ ಊರಿದ ಕಂಬ ಹಿಡಿದುಕೊಂಡು ವಿಶ್ರಾಂತಿ ಮಾಡಬೇಡಿ. ಪಂಜರದಲ್ಲಿ ಮೀನು ಸಾಕುವವರ ಹಗ್ಗ ಇರುತ್ತದೆ, ಹುಟ್ಟು ಸಿಕ್ಕಿಕೊಂಡರೆ ನಿಮಗೂ ಕಷ್ಟ. ನೀರು ಇಳಿದಾಗ ಹೆಂಗಸರು ಎದೆಮಟ್ಟದ ನೀರಲ್ಲಿ ಕೂತು ಕಾಲಲ್ಲಿ ತಡಕಿ ಮರುವಾಯಿ ಚಿಪ್ಪು ಹೆಕ್ಕುತ್ತಾರೆ. ತಲೆ ಮಾತ್ರ ಕಾಣುತ್ತದೆ. ಅವರ ಹತ್ತಿರದಿಂದ ದೋಣಿ ಬಿಡಬೇಡಿ. ಕೇಳದೆ ವಿಡಿಯೋ ಮಾಡಬೇಡಿ. ಒದ್ದೆ ಸೀರೆಯಲ್ಲಿ ಇರುತ್ತಾರೆ, ನಿಮ್ಮ ರೀಲಿಗೆ ಅವರು ಬಂದದ್ದಲ್ಲ.

ಮತ್ತೆ ಹೊಯ್ಗೆ (ಮರಳು) ತೆಗೆದ ಜಾಗಗಳಲ್ಲಿ ಹೊಳೆಯ ತಳ ಒಮ್ಮೆಲೇ ಆಳ. ಇಲ್ಲಿ ಸೊಂಟ, ಎರಡು ಹೆಜ್ಜೆ ಆಚೆ ಎರಡಾಳು. ಬೀಳುವ ಪಾಠ ಎಲ್ಲಿ ಮಾಡಿಸುತ್ತಾರೆ ಅಂತ ಊರಿನವರನ್ನು ಕೇಳಿ.

ಬೋಳಾರದವಳು:

ಹಳೇ ಹುಟ್ಟು ಅವರೇ, ಇದನ್ನು ಪ್ರಿಂಟ್ ತೆಗೆದು ಬ್ರಾಂಚಿನಲ್ಲಿ ಅಂಟಿಸಿದ್ದೇನೆ. "ಎಲ್ಲಾ ಗೊತ್ತುಂಟು" ಅನ್ನುವವರು ನಮ್ಮಲ್ಲಿ ಇಬ್ಬರಿದ್ದಾರೆ. ಓದಿ ಇಬ್ಬರೂ ಒಬ್ಬರನ್ನೊಬ್ಬರು ನೋಡಿ ನಕ್ಕರು.

ಬೆಂಗ್ರೆ ಮನೆಯವರೇ, ಬಾಟ್ಲಿ ವಿಷಯ ನನಗೆ ಗೊತ್ತೇ ಇರಲಿಲ್ಲ. ಸಿಕ್ಕಿದ್ದರೆ ನಾನೂ ಹೆಕ್ಕುತ್ತಿದ್ದೆನೋ ಏನೋ.

ಇನ್ನೆರಡು ಪ್ರಶ್ನೆ. ಒಂದು, ಮೊಣಕಾಲು ನೋವಿನವರು ಇದರಲ್ಲಿ ಕೂರಬಹುದಾ? ಎರಡು, ಯಾರೂ ಬರೆಯುವುದಿಲ್ಲ ಹಾಗಾಗಿ ನಾನೇ ಕೇಳುತ್ತೇನೆ: ಹೆಂಗಸರಿಗೆ ಟಾಯ್ಲೆಟ್, ಬಟ್ಟೆ ಬದಲಿಸುವ ಜಾಗ?

ಅತ್ತಾವರ ಅತ್ತೆ:

ಎರಡನೆಯದಕ್ಕೆ ನಾನು. ಫೋನಿನಲ್ಲೇ ಕೇಳಿ, "ಉಂಟು" ಅಂದರೆ ಫೋಟೋ ಕಳಿಸಿ ಅನ್ನಿ. ನಾಚಿಕೆ ಎಂತಕ್ಕೆ. ನನಗೆ ಒಂದು ಕಡೆ "ಎಲ್ಲಾ ವ್ಯವಸ್ಥೆ ಇದೆ ಮೇಡಂ" ಅಂದಿದ್ದರು. ಹೋಗಿ ನೋಡಿದರೆ ತೆಂಗಿನ ಗರಿಯ ಮೂರು ಗೋಡೆ. ನಾಲ್ಕನೆಯದು ಹೊಳೆ.

ಬಟ್ಟೆ: ಜೀನ್ಸ್ ಬೇಡವೇ ಬೇಡ. ಒದ್ದೆಯಾದರೆ ಕಲ್ಲು. ಚೂಡಿದಾರದ ಶಾಲು ಮನೆಯಲ್ಲಿ ಬಿಡಿ. ತೆಳು ಟ್ರ್ಯಾಕ್ ಪ್ಯಾಂಟ್, ಉದ್ದ ತೋಳಿನ ಟೀ ಶರ್ಟ್. ಬಿಸಿಲು ಮೇಲಿಂದ ಒಮ್ಮೆ, ನೀರಿನಿಂದ ಇನ್ನೊಮ್ಮೆ ಹೊಡೆಯುತ್ತದೆ. ಗಲ್ಲದ ಅಡಿ ಸುಟ್ಟುಹೋಗುವುದು ನನಗೆ ಅಲ್ಲೇ ಗೊತ್ತಾದದ್ದು. ಹವಾಯಿ ಚಪ್ಪಲಿ ಕೆಸರು ನುಂಗುತ್ತದೆ, ಹಿಂದೆ ಪಟ್ಟಿ ಇರುವ ಹಳೇ ಸ್ಯಾಂಡಲ್ ಹಾಕಿ. ಕನ್ನಡಕಕ್ಕೆ ದಾರ ಕಟ್ಟಿ. ಫೋನಿನ ಪ್ಲಾಸ್ಟಿಕ್ ಚೀಲವನ್ನು ಮನೆಯಲ್ಲೇ ಬಕೆಟಿನಲ್ಲಿ ಪರೀಕ್ಷೆ ಮಾಡಿ. ಒಳಗೆ ಫೋನಿನ ಬದಲು ಟಿಶ್ಯೂ ಪೇಪರ್ ಇಟ್ಟು ಅರ್ಧ ಗಂಟೆ ಮುಳುಗಿಸಿ. ನನ್ನ ಮೊದಲ ಚೀಲ ಆ ಪರೀಕ್ಷೆಯಲ್ಲೇ ಫೇಲ್.

ಕಾಲಲ್ಲಿ ಗಾಯ ಇದ್ದವರು ಹೊಳೆಗೆ ಇಳಿಯಬೇಡಿ. ಇಲಿಜ್ವರ ನಮ್ಮ ಕಡೆ ಹೊಸದಲ್ಲ.

ಹಳೇ ಹುಟ್ಟು:

ಮೊಣಕಾಲಿನ ವಿಷಯ. ಕೂರುವುದು ಕಷ್ಟ ಅಲ್ಲ. ಕಾಲು ಸ್ವಲ್ಪ ಮಡಚಿ ಮುಂದಕ್ಕೆ ಚಾಚಿ ಕೂರುವುದು, ಬೆನ್ನಿಗೆ ಆಧಾರ ಇರುವ ಸೀಟು ಕೇಳಿ. ಕಷ್ಟ ಇರುವುದು ಹತ್ತುವಾಗ, ಇಳಿಯುವಾಗ. ಇಳಿಜಾರು ಹೊಯ್ಗೆ ದಡ ಇರುವ ಜಾಗ ಆರಿಸಿ. ಕಲ್ಲಿನ ಮೆಟ್ಟಿಲು, ಎತ್ತರದ ಕಟ್ಟೆ ಬೇಡ. ಚಿಕ್ಕಮ್ಮನ ಹಿಂದೆ ಗೈಡನ್ನೇ ಕೂರಿಸಿ. ಅವರು ಹುಟ್ಟು ಹಾಕಿದರೂ ಸರಿ, ಹಾಕದಿದ್ದರೂ ಸರಿ. ಒಟ್ಟು ಎರಡು ಗಂಟೆಗಿಂತ ಜಾಸ್ತಿ ಬೇಡ, ನಡುವೆ ಒಂದು ಕಡೆ ದಡ ಹತ್ತಿ ಕಾಲು ಚಾಚಲಿಕ್ಕೆ ಬಿಡಬೇಕು.

ಬೆಂಗ್ರೆ ಮನೆಯವರು ಹೇಳಿದ್ದು ನಿಜ. ನಾನು ಬರೆಯಬೇಕಿತ್ತು. ನಮ್ಮ ತಂಡದಲ್ಲಿ ಮೊದಲ ವರ್ಷ ಒಬ್ಬ ಬಲೆಯ ಮೇಲೆ ದೋಣಿ ಬಿಟ್ಟು ಬೈಗಳು ತಿಂದಿದ್ದ. ಆ ಒಬ್ಬ ನಾನೇ.

ಬೋಳಾರದವಳು, ಐದು ವಾರದ ನಂತರ:

ಹೋಗಿ ಬಂದೆವು. ಕೆಲವರು ಮೆಸೇಜ್ ಮಾಡಿ ಕೇಳಿದ್ದರಿಂದ ಇಲ್ಲೇ ಬರೆಯುತ್ತೇನೆ.

ಒಟ್ಟು ಆರು ಕಡೆ ಫೋನ್ ಮಾಡಿದೆ. ಹಳೇ ಹುಟ್ಟು ಹೇಳಿದ ಪ್ರಶ್ನೆಯನ್ನೇ ಕೇಳಿದೆ. ನಾಲ್ಕು ಕಡೆ ಎರಡೂ ಭಾನುವಾರಕ್ಕೆ ಒಂದೇ ಹೊತ್ತು. ಒಂದು ಕಡೆ "ನೀವು ಹೇಳಿದ ಟೈಮಿಗೆ ಮೇಡಂ" ಅಂದರು, ಅದು ಇನ್ನೂ ಹೆದರಿಕೆ. ಒಬ್ಬರು ಮಾತ್ರ "ಒಂದು ನಿಮಿಷ" ಅಂದು ಏನೋ ತೆರೆದು ನೋಡಿದರು. ಕಾಗದ ಮಗುಚುವ ಶಬ್ದ ಕೇಳಿಸಿತು. "ಈ ಭಾನುವಾರ ಬೇಡ, ಸಂಜೆ ತುಂಬುತ್ತದೆ, ಗಾಳಿ ಸಿಗುತ್ತದೆ. ಮುಂದಿನ ವಾರ ಶನಿವಾರ ರಜೆ ಸಿಗುತ್ತದಾ? ಏಳೂವರೆಗೆ ಬನ್ನಿ" ಅಂದರು. ಅಲ್ಲೇ ಬುಕ್ ಮಾಡಿದೆ. ಅದು ಎರಡನೆಯ ಶನಿವಾರವೇ ಆದ್ದರಿಂದ ಬ್ಯಾಂಕಿನವರಿಗೆ ತೊಂದರೆ ಆಗಲಿಲ್ಲ.

ಬೋಳಾರದಿಂದ ಐದೂವರೆಗೆ ಹೊರಟೆವು. ಸಂತೆಕಟ್ಟೆಯಲ್ಲಿ ತಿರುಗಿ ಕಲ್ಯಾಣಪುರದ ಮೇಲೆ ಹೋಗುವಾಗ ಹೊಳೆಯ ಮೇಲೆ ಮಂಜು ಇತ್ತು. ನಾಲ್ಕು ಗೈಡ್ ಇದ್ದರು. ಎಲ್ಲರ ಜಾಕೆಟ್ ಎಳೆದು ನೋಡಿದೆ, ಎರಡು ಜಾಕೆಟ್ ಕಿವಿಯವರೆಗೆ ಬಂತು. ಕೇಳುವ ಮೊದಲೇ ಬದಲಿಸಿ ಕೊಟ್ಟರು.

ಬೀಳುವ ಪಾಠದಲ್ಲಿ ನಾನು ಮೊದಲು ಆಗುವುದಿಲ್ಲ ಅಂದೆ. ಇಷ್ಟೆಲ್ಲ ಪ್ರಿಂಟ್ ತೆಗೆದು ಅಂಟಿಸಿದವಳೇ. ಗೈಡ್ ಹುಡುಗಿ ಒತ್ತಾಯ ಮಾಡಲಿಲ್ಲ, "ಆಯಿತು, ನೀವು ಕೊನೆಗೆ" ಅಂದಳು. ಚಿಕ್ಕಮ್ಮ ನನ್ನ ಮುಂದೆಯೇ ಗುಡುಮ್ಮನೆ ಬಿದ್ದು, ಅಂಗಾತ ತೇಲಿ, ಆಕಾಶ ನೋಡುತ್ತಾ "ಎಷ್ಟು ತಂಪು ಉಂಟು" ಅಂದರು. ಆಮೇಲೆ ನನಗೆ ಬೀಳದೆ ದಾರಿ ಇರಲಿಲ್ಲ. ಬಿದ್ದಾಗ ಒಂದು ಕ್ಷಣ ಮೂಗಿಗೆ ನೀರು, ಆಮೇಲೆ ಜಾಕೆಟ್ ನನ್ನನ್ನು ಕೆನ್ನೆ ಹಿಡಿದು ಎತ್ತಿದ ಹಾಗಾಯಿತು. ಉಪ್ಪುಪ್ಪು ನೀರು. ಅಷ್ಟೇ.

ಭರತ 9.20ರ ಸುಮಾರಿಗೆ. ಆ ಹೊತ್ತಿಗೆ ಕಾಂಡ್ಲಾದ ಒಳಗೆ ಇದ್ದೆವು. ಹುಟ್ಟು ಎತ್ತಿ ಇಡಿ ಅಂದರು. ಹನಿ ಬೀಳುವ ಶಬ್ದ ಮಾತ್ರ. ಬೇರುಗಳು ಕೊಡೆಯ ಕಡ್ಡಿ ತರ ನೀರಿಗೆ ಇಳಿದಿದ್ದವು. ಮರದಲ್ಲೇ ಮೊಳಕೆ ಒಡೆದು ನುಗ್ಗೆಕಾಯಿ ಹಾಗೆ ನೇತಾಡುತ್ತವಲ್ಲ, ಅವು ಕೆಸರಿಗೆ ನೇರ ಬಿದ್ದು ಅಲ್ಲೇ ಗಿಡ ಆಗುತ್ತವಂತೆ. ಇನ್ನೊಂದು ಜಾತಿಯ ಮರದ ಎಲೆ ಕೊಟ್ಟು ನೆಕ್ಕಿ ನೋಡಿ ಅಂದರು. ಉಪ್ಪು! ಬೇರಿನಿಂದ ಬಂದ ಉಪ್ಪನ್ನು ಎಲೆಯಿಂದ ಹೊರಗೆ ಹಾಕುತ್ತದೆ. ಹತ್ತು ವರ್ಷದವನು ಆಮೇಲೆ ಸಿಕ್ಕಿದ ಎಲೆಯನ್ನೆಲ್ಲ ನೆಕ್ಕಿದ, ಅವನ ಅಮ್ಮ ಬೈದು ಸುಸ್ತು. ಒಂದು ಮಿಂಚುಳ್ಳಿ ನಮ್ಮನ್ನು ಲೆಕ್ಕಕ್ಕೇ ಇಟ್ಟುಕೊಳ್ಳದೆ ಎದುರಿನ ಕೊಂಬೆಯಲ್ಲಿ ಕೂತಿತ್ತು.

ವಾಪಸ್ ಬರುವಾಗ ದೋಣಿ ತಾನಾಗಿ ಜಾರತೊಡಗಿತು. ನನ್ನ ಎದೆ ಡವಡವ. ಡಿಸೆಂಬರ್ ನೆನಪಾಯಿತು. ಆಮೇಲೆ ಹೊಳೆದದ್ದು, ಈ ಸಲ ಅದು ಮನೆ ಕಡೆಗೆ ಜಾರುತ್ತಿದೆ.

ಎಲ್ಲಾ ಗೊತ್ತುಂಟು ಇಬ್ಬರನ್ನೂ ಒಂದೇ ದೋಣಿಯಲ್ಲಿ ಹಾಕಿದ್ದು ನನ್ನ ತಪ್ಪು. ಎದುರಿನ ಸೀಟು ಯಾರಿಗೆ ಅಂತ ಚರ್ಚೆ ಆಗಿ, ಹತ್ತೂಕಾಲಿಗೆ ಸೇತುವೆ ಹತ್ತಿರ ಇಬ್ಬರೂ ನೀರಲ್ಲಿ. ಹಿಂದಿನ ಗೈಡ್ ಎರಡು ನಿಮಿಷದಲ್ಲಿ ಹತ್ತಿಸಿದ. ಒಂದು ಕನ್ನಡಕ ಹೋಯಿತು. ದಾರ ಕಟ್ಟಿ ಅಂತ ಅಂಟಿಸಿದ ಕಾಗದದಲ್ಲಿ ಇತ್ತು.

ಬಾಟ್ಲಿ ಸಾಲು ಎರಡು ಕಡೆ ಕಂಡಿತು. ಸುತ್ತು ಹಾಕಿ ಬಂದೆವು.

ಮನೆಗೆ ಬಂದು ಡಿಸೆಂಬರಿನವರಿಗೂ ಒಂದು ಫೋನ್ ಮಾಡಿದೆ, ಸುಮ್ನೆ. ಈ ಭಾನುವಾರ ಎಷ್ಟು ಗಂಟೆಗೆ ಅಂತ ಕೇಳಿದೆ. "ನಮ್ಮದು ಯಾವಾಗಲೂ 4 ಗಂಟೆಯೇ ಮೇಡಂ, ಸನ್‌ಸೆಟ್ ಬ್ಯಾಚ್" ಅಂದರು.

ಮಲ್ಪೆ ಮಾಣಿ:

ಗೋಳಿಬಜೆ ಎಲ್ಲಿ ತಿಂದದ್ದು?

ಬೋಳಾರದವಳು:

ಸಂತೆಕಟ್ಟೆಯಲ್ಲಿ. ನಾವು 14 ಜನ ಹೋಗುವಾಗ ಚಟ್ನಿ ಖಾಲಿ.